ಪ್ರಾರ್ಥನೆ ಸುಳ್ಳಾಗುವುದುಂಟೇ?

ಕೆ.ಆರ್. ನಗರದ ಬಳಿಯ ಡೋರನಹಳ್ಳಿಗೆ ಹರಕೆ ಹೊತ್ತು ಹೋಗಿಬಂದವರಲ್ಲಿ ಕೆಲವರು, ಬೇಡಿದ್ದು ಕೈಗೂಡದಾಗ, "ನನ್ನ ಪ್ರಾರ್ಥನೆ ಸುಳ್ಳಾಯಿತು" ಎಂದು ನೊಂದುಕೊಳ್ಳುತ್ತಾರೆ. ಪ್ರಿಯ ವಾಚಕರೇ, ಈ ಮಾತನ್ನು ತುಸು ಪರಿಶೀಲಿಸೋಣ.

"ಹೊಲ ಉಳುವಾಗ ಸಂತ ಅಂತೋಣಿಯವರ ಪ್ರತಿಮೆ ಸಿಕ್ಕಿತು." ಇದು ಡೋರನಹಳ್ಳಿಯ ಪ್ರತೀತಿ. ಇದನ್ನು ನಿಜವೆನ್ನಬಹುದು, ಸುಳ್ಳೆನ್ನಬಹುದು. ಹಾಗೆ ಅನ್ನಲು ಬರುವ ಅರ್ಥಕ್ಕೆ ತರ್ಕಶಾಸ್ತ್ರದಲ್ಲಿ ತರ್ಕವಾಕ್ಯವೆಂದು ಹೆಸರು. ಕನ್ನಡದಲ್ಲಿ ಹೇಳಿ, ತಮಿಳಿನಲ್ಲಿ ಹೇಳಿ. ವಾಕ್ಯ ಬೇರೆಯಾಗುತ್ತದೆ, ತರ್ಕವಾಕ್ಯ ಬದಲಾಗದು.

"ಸಂತ ಅಂತೋಣಿಯವರೇ, ನನ್ನ ಮಗನನ್ನು ಕಾಪಾಡಿ" ಎಂಬುದೋ? ವ್ಯಾಕರಣದ ಪ್ರಕಾರ ಇದೂ ಪೂರ್ಣ ವಾಕ್ಯವೇ. ಶಾಲೆಯಲ್ಲಿ ಕಲಿತ ವಿಧ್ಯರ್ಥಕ. ಆದರೆ ಇದು ನಿಜವೂ ಅಲ್ಲ, ಸುಳ್ಳೂ ಅಲ್ಲ. ಕ್ರಿಸ್ತಪೂರ್ವ 4ನೇ ಶತಮಾನದ ಅರಿಸ್ಟಾಟಲನು ಇಂಥ ವಾಕ್ಯಕ್ಕೆ ಕೊಟ್ಟ ಉದಾಹರಣೆಯೂ ಪ್ರಾರ್ಥನೆಯೇ ಎಂಬುದು ಸೋಜಿಗ! ತಾಯಿಯ ಮೊರೆ ಈಡೇರದೆ ಹೋಗಿರಬಹುದು, ಆ ನೋವು ದೊಡ್ಡದು. ಆದರೂ ಆ ಮೊರೆ ಸುಳ್ಳಾಗಲಿಲ್ಲ.

ಭಾನುವಾರ ನಾವು ಹೇಳುವ ವಿಶ್ವಾಸ ಪ್ರಮಾಣದ ಸಂಗತಿ ಬೇರೆ. ಯೇಸುಸ್ವಾಮಿ ಪುನರುತ್ಥಾನರಾದರೆಂಬುದು ನಿಜವಾಗಿರಬೇಕು ಇಲ್ಲವೇ ಸುಳ್ಳಾಗಿರಬೇಕು, ನಡುದಾರಿಯಿಲ್ಲ. ಹಾಗೆಂದು ವಿಶ್ವಾಸವು ತರ್ಕವಾಕ್ಯಕ್ಕೇ ನಿಂತುಬಿಡದು, ಅದು ತೋರಿಸುವ ದೇವರನ್ನೇ ಮುಟ್ಟುತ್ತದೆ ಎಂದು 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಬೋಧಿಸಿದರು.