ಆರ್ಡರ್ ದಾಟಿದ ಮೇಲೆ ಹೊಣೆ ಯಾರದು?

ಮೈಸೂರಿನ ಸಾಫ್ಟ್‌ವೇರ್ ಎಂದರೆ ಜನಕ್ಕೆ ಹೆಬ್ಬಾಳ ಕೈಗಾರಿಕಾ ಪ್ರದೇಶದ ದೊಡ್ಡ ಕ್ಯಾಂಪಸ್ಸುಗಳು ನೆನಪಾಗುತ್ತವೆ. ದೇವರಾಜ ಮೊಹಲ್ಲಾದಲ್ಲಿ, ಅಂಗಡಿಗಳ ಮೇಲಿನ ಮಹಡಿಗಳಲ್ಲಿ, ನಮ್ಮಂಥ ಸಣ್ಣ ತಂಡಗಳೂ ಇವೆ. ಕೆಳಗೆ ಅರಸು ರಸ್ತೆಯ ವ್ಯಾಪಾರ, ಮೇಲೆ ವ್ಯಾಪಾರಿಗಳಿಗೆಂದೇ ಸಾಫ್ಟ್‌ವೇರ್ ಬರೆಯುವ ನಾವು. ನಾವು ನೋಡಿಕೊಳ್ಳುವುದು ಒಬ್ಬ ಸಗಟು ವಿತರಕರ ಆರ್ಡರ್ ವ್ಯವಸ್ಥೆಯನ್ನು. ಸುತ್ತಲಿನ ಊರುಗಳ ಕಿರಾಣಿ ಅಂಗಡಿಗಳಿಂದ ಆರ್ಡರ್ ಬರುತ್ತದೆ, ಬಿಲ್ ಆಗುತ್ತದೆ, ಗೋದಾಮಿನಿಂದ ಮಾಲು ಹೊರಡುತ್ತದೆ, ಅಂಗಡಿಯವರ ಫೋನಿಗೆ ಎಸ್ಎಂಎಸ್ ಹೋಗುತ್ತದೆ.

ಈ ವ್ಯವಸ್ಥೆ ನಮ್ಮ ಕೈಗೆ ಬಂದಾಗ ಅದರ ಹೊಟ್ಟೆಯೊಳಗೆ ಸಂದೇಶ ಸಾಗಿಸುವ ಎರಡು ಫ್ರೇಮ್‌ವರ್ಕ್‌ಗಳು ಕೂತಿದ್ದವು. ಆರ್ಡರ್ ಫೈಲುಗಳನ್ನು ಎತ್ತಿಕೊಳ್ಳುವುದು ಮತ್ತು ಎಸ್ಎಂಎಸ್ ಕಳಿಸುವುದು ಅಪಾಚೆ ಕ್ಯಾಮೆಲ್. ನಡುವಿನ ಬಿಲ್ಲಿಂಗ್ ಎಲ್ಲ ಸ್ಪ್ರಿಂಗ್ ಇಂಟಿಗ್ರೇಶನ್. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆಯವರು ಬರೆದದ್ದು. ಎರಡೂ ಹುಟ್ಟಿದ್ದು ಒಂದೇ ಪುಸ್ತಕದ ನೆರಳಲ್ಲಿ: ಗ್ರೆಗರ್ ಹೋಪ್ ಮತ್ತು ಬಾಬಿ ವುಲ್ಫ್ 2003ರಲ್ಲಿ ತಂದ 'ಎಂಟರ್‌ಪ್ರೈಸ್ ಇಂಟಿಗ್ರೇಶನ್ ಪ್ಯಾಟರ್ನ್ಸ್'. ಅದರಲ್ಲಿ 65 ಮಾದರಿಗಳಿವೆ. ಕ್ಯಾಮೆಲ್ 2007ರಲ್ಲಿ ಬಂತು, ಸ್ಪ್ರಿಂಗ್ ಇಂಟಿಗ್ರೇಶನ್‌ನ 1.0 ಆವೃತ್ತಿ 2008ರಲ್ಲಿ. ರೂಟರ್, ಫಿಲ್ಟರ್, ಸ್ಪ್ಲಿಟರ್ ಎಂದು ಎರಡೂ ಒಂದೇ ಮಾತಾಡುತ್ತವೆ. ಹಾಗಾಗಿ ಇವನ್ನು ಜೋಡಿಸುವುದು ಸಲೀಸು ಎಂದು ಯಾರಿಗಾದರೂ ಅನಿಸುತ್ತದೆ.

ಜೋಡಿಸುವುದು ಸಲೀಸೇ. ಕ್ಯಾಮೆಲ್ ರೂಟಿನ ಕೊನೆಯಲ್ಲಿ ನಾಲ್ಕು ಸಾಲು ಬರೆದು ಸ್ಪ್ರಿಂಗ್ ಚಾನೆಲ್ಲಿಗೆ ಮೆಸೇಜ್ ಹಾಕಿದರೆ ಅದು ಹೋಗಿ ತಲುಪುತ್ತದೆ. ನಮ್ಮಲ್ಲೂ ತಲುಪುತ್ತಿತ್ತು. ತೊಂದರೆ ಇದ್ದದ್ದು ಬೇರೆ ಕಡೆ. ಬೆಂಗಳೂರಿನವರೆಗೆ ಬ್ರಾಡ್ ಗೇಜ್, ಅಲ್ಲಿಂದ ಮೈಸೂರಿಗೆ ಮೀಟರ್ ಗೇಜ್ ಇದ್ದ ಕಾಲವನ್ನು ಹಿರಿಯರು ನೆನೆಯುತ್ತಾರೆ. ಮದರಾಸಿನಿಂದ ಬಂದ ಮಾಲನ್ನು ಬೆಂಗಳೂರಿನಲ್ಲಿ ಇಳಿಸಿ ಇನ್ನೊಂದು ವ್ಯಾಗನ್ನಿಗೆ ತುಂಬಬೇಕಿತ್ತು. ಎರಡೂ ಹಳಿಯ ಮೇಲೆ ಮಾಲು ಭದ್ರ. ಮೂಟೆಯ ಲೆಕ್ಕ ತಪ್ಪುತ್ತಿದ್ದರೆ ಅದು ಆ ಇಳಿಸಿ ತುಂಬುವ ಜಾಗದಲ್ಲಿ.

ಮೊದಲು ಕಣ್ಣಿಗೆ ಬಿದ್ದದ್ದು ಎಸ್ಎಂಎಸ್. ವಿತರಕರ ಲೆಕ್ಕ ಬರೆಯುವವರು ಫೋನ್ ಮಾಡಿದರು: "ಏನ್ ಸಾರ್, ಒಂದು ಬಿಲ್ಲಿಗೆ ಒಂಬತ್ತು ಮೆಸೇಜಾ? ಅಂಗಡಿಯವ್ರು ಒಂಬತ್ತು ಬಿಲ್ಲು ಅಂದ್ಕೊಂಡು ಜಗಳಕ್ಕೆ ಬರ್ತಾವ್ರೆ." ಒಂಬತ್ತು ಎಂಬ ಸಂಖ್ಯೆಯೇ ದಾರಿ ತೋರಿಸಿತು. ಕ್ಯಾಮೆಲ್ ಕಡೆ ಮರುಯತ್ನ 2 ಎಂದು ಬರೆದಿತ್ತು, ಮೊದಲನೆಯದೂ ಸೇರಿದರೆ 3. ಅದನ್ನು ಕರೆಯುವ ಸ್ಪ್ರಿಂಗ್ ಕಡೆ ರೀಟ್ರೈ ಅಡ್ವೈಸ್ ಇತ್ತು. ಅದಕ್ಕೆ ಬೇರೇನೂ ಹೇಳದಿದ್ದರೆ ತಾನಾಗಿ 3 ಸಲ ಪ್ರಯತ್ನಿಸುತ್ತದೆ. ಎಸ್ಎಂಎಸ್ ಗೇಟ್‌ವೇ ಮೆಸೇಜನ್ನು ಕಳಿಸಿಬಿಟ್ಟಿರುತ್ತದೆ, ಉತ್ತರ ಮಾತ್ರ ತಡ. ಕ್ಯಾಮೆಲ್ ಮೂರು ಸಲ ಕಳಿಸಿ ಸೋತೆ ಎನ್ನುತ್ತದೆ, ಸ್ಪ್ರಿಂಗ್ ಮತ್ತೆ ಕ್ಯಾಮೆಲ್ಲನ್ನು ಎಬ್ಬಿಸುತ್ತದೆ. ಎರಡೂ ಕಡೆಯ ಕೋಡ್ ತಮ್ಮ ತಮ್ಮ ಮಟ್ಟಿಗೆ ಸರಿಯಾಗೇ ಇತ್ತು.

ಇದಕ್ಕಿಂತ ಗಂಭೀರವಾದದ್ದು ಫೈಲಿನ ಕಡೆ ಇತ್ತು. ಕ್ಯಾಮೆಲ್ ಒಂದು ಫೈಲಿನ ಕೆಲಸ ಮುಗಿಸಿದಾಗ ಅದನ್ನು 'ಡಾಟ್ ಕ್ಯಾಮೆಲ್' ಎಂಬ ಒಳಫೋಲ್ಡರಿಗೆ ಸರಿಸುತ್ತದೆ. ಫೈಲು ಅಲ್ಲಿದ್ದರೆ ಕೆಲಸ ಆಯಿತೆಂದೇ ಎಲ್ಲರ ನಂಬಿಕೆ. ಆದರೆ ನಮ್ಮ ಸೇತುವೆಯಲ್ಲಿದ್ದದ್ದು ಕ್ಯೂ ಚಾನೆಲ್. ಮೆಸೇಜು ಕ್ಯೂ ಸೇರಿದ ಕೂಡಲೇ ಕ್ಯಾಮೆಲ್‌ಗೆ ತನ್ನ ಕೆಲಸ ಮುಗಿಯಿತು ಎಂದಾಗಿ ಫೈಲು ಸರಿದುಬಿಡುತ್ತದೆ. ಬಿಲ್ಲಿಂಗ್ ನಡೆಯುವುದು ಆಮೇಲೆ, ಬೇರೆ ಥ್ರೆಡ್ಡಿನಲ್ಲಿ. ಅಲ್ಲಿ ಎಡವಿದರೆ ಆ ಸುದ್ದಿ ಕ್ಯಾಮೆಲ್‌ಗೆ ವಾಪಸ್ಸು ಬರುವುದಿಲ್ಲ. ಕ್ಯೂ ಇದ್ದದ್ದು ಮೆಮೊರಿಯಲ್ಲಿ. ಸರ್ವರ್ ರೀಸ್ಟಾರ್ಟ್ ಆದರೆ ಅದರಲ್ಲಿದ್ದದ್ದೆಲ್ಲ ಹೋಯಿತು. ದಸರೆಯ ಮುಂಚಿನ ವಾರಗಳಲ್ಲಿ ಆರ್ಡರ್ ಒತ್ತಿ ಬರುತ್ತಿದ್ದಾಗ ಇಂಥ ಫೈಲುಗಳನ್ನು ಒಂದೊಂದಾಗಿ ತೆರೆದು, ಬಿಲ್ ಪುಸ್ತಕದ ಜೊತೆ ತಾಳೆ ನೋಡುವುದು ಸಂಕಟದ ಕೆಲಸ. ಮಾಲಿಗಾಗಿ ಕಾಯುತ್ತಿರುವ ಸಣ್ಣ ಅಂಗಡಿಯವನಿಗೆ ಕ್ಯೂ ಚಾನೆಲ್ ಕಟ್ಟಿಕೊಂಡು ಏನಾಗಬೇಕು?

ಹೆಡರುಗಳದ್ದು ಮತ್ತೊಂದು ಕಥೆ. ಕ್ಯಾಮೆಲ್ ಹೆಡರಿನ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಚಿಕ್ಕಕ್ಷರ ಭೇದ ಮಾಡುವುದಿಲ್ಲ, ಸ್ಪ್ರಿಂಗ್ ಮಾಡುತ್ತದೆ. ಆರ್ಡರ್ ನಂಬರಿನ ಹೆಡರಿಗೆ ಎರಡು ಬಗೆಯ ಬರವಣಿಗೆ ಇತ್ತು. ಕ್ಯಾಮೆಲ್ ಕಡೆ ಎಲ್ಲ ಸುಸೂತ್ರ; ಸ್ಪ್ರಿಂಗ್ ಕಡೆಯ ಫಿಲ್ಟರಿಗೆ ಮಾತ್ರ ನಂಬರೇ ಇಲ್ಲ. ತಿರಸ್ಕರಿಸಿದ್ದನ್ನು ಎಲ್ಲಿಗೆ ಹಾಕಬೇಕೆಂದು ಹೇಳಿಕೊಡದಿದ್ದರೆ ಆ ಫಿಲ್ಟರ್ ಸದ್ದಿಲ್ಲದೆ ಎಸೆಯುತ್ತದೆ. ಲಾಗಿನಲ್ಲಿ ಒಂದು ಎರರ್ ಕೂಡ ಇರುವುದಿಲ್ಲ.

ಸರಿಪಡಿಸಿದ್ದು ಹೀಗೆ. ಕೋಡಿನಲ್ಲಿ ಕಂಡಕಂಡಲ್ಲಿ ಇದ್ದ ದಾಟುಗಳನ್ನೆಲ್ಲ ಕಿತ್ತು ಒಂದೇ ಕ್ಲಾಸಿಗೆ ತಂದೆವು. ಕ್ಯೂ ಚಾನೆಲ್ ಬದಲು ಡೈರೆಕ್ಟ್ ಚಾನೆಲ್: ಬಿಲ್ಲಿಂಗ್ ಕ್ಯಾಮೆಲ್‌ನ ಥ್ರೆಡ್ಡಿನಲ್ಲೇ ಓಡಬೇಕು, ಎಡವಿದರೆ ಎರರ್ ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಇದರಿಂದ ವೇಗ ಕಡಿಮೆಯಾಯಿತು ನಿಜ. ದಿನದ ಆರ್ಡರ್ ಹಿಡಿಸುವಷ್ಟು ವೇಗ ಉಳಿದಿದ್ದರೆ ಸಾಕು, ಕಳೆದುಹೋದ ಆರ್ಡರಿಗಿಂತ ನಿಧಾನವಾದ ಆರ್ಡರ್ ಎಷ್ಟೋ ವಾಸಿ ಎಂದು ನಾನು ಪಟ್ಟು ಹಿಡಿದೆ. ಮರುಯತ್ನದ ಹೊಣೆ ಕ್ಯಾಮೆಲ್ ಒಂದಕ್ಕೇ ಕೊಟ್ಟು ಸ್ಪ್ರಿಂಗ್ ಕಡೆಯ ಅಡ್ವೈಸ್ ತೆಗೆದೆವು. ಸೋತ ಫೈಲಿಗೆ ಬೇರೆ ಫೋಲ್ಡರ್. ಒಂದು ಫೈಲಿನಲ್ಲಿ ಅರ್ಧ ಆರ್ಡರುಗಳಿಗೆ ಬಿಲ್ ಆಗಿ ಉಳಿದದ್ದು ನಿಂತರೆ, ಮತ್ತೆ ಓಡಿಸಿದಾಗ ಎರಡೆರಡು ಬಿಲ್ ಆಗಬಾರದು. ಅದಕ್ಕೆ ಆರ್ಡರ್ ನಂಬರನ್ನು ಡೇಟಾಬೇಸಿನಲ್ಲಿ ಗುರುತಿಟ್ಟು, ಒಮ್ಮೆ ಆದದ್ದನ್ನು ಮುಟ್ಟದಂತೆ ಮಾಡಿದೆವು. ಎಸ್ಎಂಎಸ್ಸಿಗೂ ಅದೇ ನಂಬರಿನ ಕಾವಲು.

ಸಿದ್ಧ ಸೇತುವೆಗಳು ಇಲ್ಲವೇ ಎಂದು ಕಿರಿಯರು ಕೇಳುತ್ತಾರೆ. ಇವೆ. ಕ್ಯಾಮೆಲ್‌ನಲ್ಲೇ ಸ್ಪ್ರಿಂಗ್ ಇಂಟಿಗ್ರೇಶನ್‌ಗೆಂದು ಒಂದು ಕಾಂಪೊನೆಂಟ್ ಇತ್ತು, 4ನೇ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಅತ್ತ 2022ರಲ್ಲಿ ಬಂದ ಸ್ಪ್ರಿಂಗ್ ಇಂಟಿಗ್ರೇಶನ್ 6.0 ಕ್ಯಾಮೆಲ್ ರೂಟನ್ನು ಕರೆಯುವ ಹ್ಯಾಂಡ್ಲರನ್ನು ತಾನೇ ತಂದಿತು. ಒಳ್ಳೆಯ ಕೆಲಸವೇ. ಆದರೆ ಎಡವಿದಾಗ ಮತ್ತೆ ಯಾರು ಪ್ರಯತ್ನಿಸಬೇಕು, ಉತ್ತರಕ್ಕೆ ಯಾರು ಕಾಯಬೇಕು ಎಂಬುದನ್ನು ಅದು ನಮ್ಮ ಪರವಾಗಿ ತೀರ್ಮಾನಿಸಲಾರದು. ಬಿಲ್ಲು ಬರೆಯುವವರ ಎದುರು ಕೂತು ಅದನ್ನು ನಾವೇ ತೀರ್ಮಾನಿಸಬೇಕು.

ಎರಡರಲ್ಲಿ ಒಂದನ್ನು ತೆಗೆದೇಬಿಡಿ ಎಂಬ ಸಲಹೆಯೂ ಆಗಾಗ ಬರುತ್ತದೆ. ನಾನು ಒಪ್ಪಿಲ್ಲ. ವರ್ಷಗಟ್ಟಲೆ ಓಡಿ ಪಳಗಿದ ಬಿಲ್ಲಿಂಗ್ ಕೋಡನ್ನು ಅಚ್ಚುಕಟ್ಟಿನ ಆಸೆಗೆ ತಿರುಗಿ ಬರೆಯುವುದು ಬೇಡ. ಈಗ ನಮ್ಮ ಕೈಯಲ್ಲಿರುವ ಕೆಲಸ ಲಾಗಿನದು. ಕ್ಯಾಮೆಲ್ ತನ್ನ ಎಕ್ಸ್‌ಚೇಂಜಿಗೆ ಒಂದು ಐಡಿ ಕೊಡುತ್ತದೆ. ಸ್ಪ್ರಿಂಗ್ ಪ್ರತಿ ಹೊಸ ಮೆಸೇಜಿಗೂ ಹೊಸ ಐಡಿ ಹುಟ್ಟಿಸುತ್ತದೆ. ಎರಡನ್ನೂ ಆರ್ಡರ್ ನಂಬರಿನ ಜೊತೆ ಒಂದೇ ಸಾಲಿನಲ್ಲಿ ಬರೆಸುತ್ತಿದ್ದೇವೆ. ಬಿಲ್ಲಿಂಗ್ ಕಡೆ ಮುಗಿದಿದೆ, ಎಸ್ಎಂಎಸ್ ಕಡೆ ಬಾಕಿ ಇದೆ.