ಹೊಟ್ಟೆ ಹುಳಿಯಾದ ರಾಸಿಗೆ ಸೋಡಾ ಒಂದೇ ಸಾಲದು



ಮದುವೆ, ಹಬ್ಬದ ಮರುದಿನ ಉಳಿದ ಅನ್ನ, ಪಾಯಸವನ್ನು ಹಸುವಿನ ಮುಂದೆ ಸುರಿಯುವ ವಾಡಿಕೆ ನಮ್ಮಲ್ಲಿದೆ. ಹಗ್ಗ ಬಿಚ್ಚಿಕೊಂಡ ರಾಸು ರಾಗಿ, ಜೋಳದ ರಾಶಿಗೆ ಬಾಯಿ ಹಾಕುವುದೂ ಉಂಟು. ಇದರಿಂದ ಬರುವ ಆಮ್ಲೀಯ ಅಜೀರ್ಣವು ಒಂದೆರಡು ದಿನಗಳಲ್ಲೇ ರಾಸಿನ ಪ್ರಾಣ ತೆಗೆಯಬಲ್ಲದು.

ಹೊಟ್ಟೆಯಲ್ಲಿ ನಡೆಯುವುದೇನು?

ಮೆಲುಕು ಹಾಕುವಾಗ ಬರುವ ಜೊಲ್ಲಿನಲ್ಲಿ ಸೋಡಾ ಅಂಶವಿದ್ದು, ಹೊಟ್ಟೆಯ ಹುಳಿಯನ್ನು ಹದದಲ್ಲಿಡುತ್ತದೆ. ಅನ್ನ, ಹಿಟ್ಟು, ಕಾಳನ್ನು ಒಮ್ಮೆಗೇ ಹೆಚ್ಚಾಗಿ ತಿಂದರೆ ಸೂಕ್ಷ್ಮಾಣುಗಳು ಅದನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. 6ರಿಂದ 7ರಷ್ಟು ಇರಬೇಕಾದ ಪಿ.ಹೆಚ್. 5ಕ್ಕಿಂತ ಕೆಳಗಿಳಿಯುತ್ತದೆ. ಮೈಯ ನೀರು ಹೊಟ್ಟೆಗೆ ಸೇರಿ ಕಣ್ಣು ಗುಳಿಬೀಳುತ್ತದೆ, ಭೇದಿಯಾಗುತ್ತದೆ. ಆಮ್ಲ ರಕ್ತಕ್ಕೂ ಸೇರುತ್ತದೆ.

ಮಿದುಳಿಗೇನು ಸಂಬಂಧ?

ರಕ್ತದಲ್ಲಿ ಆಮ್ಲ ಏರಿದರೆ ರಾಸು ಮಂಕಾಗಿ ತೂರಾಡುತ್ತದೆ. ಇನ್ನೊಂದು ಅಪಾಯವೂ ಇದೆ. ರಾಸಿಗೆ ಬೇಕಾದ ಬಿ-1 ಜೀವಸತ್ವವನ್ನು ತಯಾರಿಸುವುದು ಹೊಟ್ಟೆಯ ಒಳ್ಳೆಯ ಸೂಕ್ಷ್ಮಾಣುಗಳೇ. ಹುಳಿಗೆ ಅವು ಸತ್ತರೆ ಬಿ-1 ಕೊರತೆಯಾಗಿ ಮಿದುಳು ಬಾತುಕೊಳ್ಳಬಹುದು. ಕಣ್ಣು ಕಾಣದಿರುವುದು, ತಲೆಯನ್ನು ಗೋಡೆಗೆ ಒತ್ತುವುದು, ಸೆಟೆದು ಬೀಳುವುದು ಇದರ ಲಕ್ಷಣಗಳು. ಹುಚ್ಚುನಾಯಿ ರೋಗದಲ್ಲೂ ಇಂತಹ ಲಕ್ಷಣಗಳು ಕಾಣುವುದರಿಂದ ಅಂಥ ರಾಸಿನ ಬಾಯಿಗೆ ಕೈ ಹಾಕಕೂಡದು.

ಚಿಕಿತ್ಸೆ

ಸೋಡಾ ಹುಳಿಯನ್ನು ಮುರಿಯುತ್ತದೆ, ಬಿ-1 ಒದಗಿಸುವುದಿಲ್ಲ. ಆದುದರಿಂದ ಪಶುವೈದ್ಯರು ರಕ್ತನಾಳಕ್ಕೆ ಸೋಡಾ ದ್ರಾವಣ ಕೊಡುವುದರ ಜೊತೆಗೆ ಬಿ-1 ಚುಚ್ಚುಮದ್ದನ್ನೂ ಹಾಕುತ್ತಾರೆ. ಬಾಟಲಿಯನ್ನು ಬೇಗ ಮುಗಿಸಿರೆಂದು ಅವರನ್ನು ಒತ್ತಾಯಿಸಬೇಡಿ. ಸೋಡಾ ಆಮ್ಲದೊಡನೆ ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಹುಟ್ಟುತ್ತದೆ. ರಭಸವಾಗಿ ಹರಿಸಿದರೆ ಈ ಅನಿಲ ಮಿದುಳನ್ನು ಹೊಕ್ಕು ಅಲ್ಲಿ ಹುಳಿ ಹೆಚ್ಚಿಸಬಹುದು. ಅಳತೆ ಮೀರಿದರೆ ರಕ್ತ ಕ್ಷಾರವಾಗಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಕಡಿಮೆಯಾಗುತ್ತವೆ.

ನೀವು ಮಾಡಬೇಕಾದದ್ದು

1. ಉಳಿದ ಅನ್ನ, ಕಾಳನ್ನು ಕೂಡಲೇ ತೆಗೆದು ಒಣಹುಲ್ಲು ಮಾತ್ರ ಕೊಡಿ.

2. ಲಕ್ಷಣ ಕಾಣಲೆಂದು ಕಾಯದೆ ಸಂಘದ ಕಾರ್ಯದರ್ಶಿಯವರಿಗೆ ತಿಳಿಸಿ ವೈದ್ಯರನ್ನು ಕರೆಸಿ. ಏನು, ಎಷ್ಟು, ಯಾವಾಗ ತಿಂದಿತೆಂದು ಹೇಳಿ.

3. ಮಲಗಿದ ಅಥವಾ ಮಂಕಾದ ರಾಸಿಗೆ ಗೊಟ್ಟದಲ್ಲಿ ಏನನ್ನೂ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಹೋಗಬಹುದು.

4. ಕರು ಹಾಕಿದ ಹಸುವಿಗೆ ಪಶು ಆಹಾರವನ್ನು 2ರಿಂದ 3 ವಾರಗಳಲ್ಲಿ ಹಂತಹಂತವಾಗಿ ಹೆಚ್ಚಿಸಿ. ಒಮ್ಮೆಗೇ ಸುರಿಯದೆ ದಿನಕ್ಕೆ 2-3 ಬಾರಿ ಹಂಚಿ ಕೊಡಿ.

ನೆನಪಿಡಿ: ಹೊಟ್ಟೆತುಂಬ ಹುಲ್ಲು ತಿಂದು ಮೆಲುಕು ಹಾಕುವ ರಾಸು ತನಗೆ ಬೇಕಾದ ಸೋಡಾವನ್ನು ತಾನೇ ತಯಾರಿಸಿಕೊಳ್ಳುತ್ತದೆ.