ಸಾಕಿದ ಮೀನು ಗಾಳಕ್ಕೆ ಬೀಳಬೇಕಾದರೆ

ತೋಟದ ಕೆರೆಗೆ ಮೀನುಮರಿ ಬಿಡುವವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಬಿಟ್ಟ ಮೀನನ್ನು ಹಿಡಿಯುವವರು ಮಾತ್ರ ಕಡಿಮೆ. ನಾನೂ ಅದೇ ಪೈಕಿ. ಹಿಡಿಯಲಾಗದ್ದಕ್ಕೆ ತೆತ್ತ ದಂಡ, ಆಮೇಲೆ ಕಲಿತ ಪಾಠ - ಎರಡನ್ನೂ ಬರೆದಿದ್ದೇನೆ.

ನಮ್ಮ ಅಡಿಕೆ ತೋಟದ ಕೆರೆ 60 ಅಡಿ ಉದ್ದ, 40 ಅಡಿ ಅಗಲ. ಮಳೆಗಾಲದಲ್ಲಿ 12 ಅಡಿ ನೀರು. 2022ರ ಆಗಸ್ಟ್‌ನಲ್ಲಿ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಸೇರಿಸಿ 600 ಮರಿ ಬಿಟ್ಟೆ. ಮೊದಲ ತಪ್ಪು ಇದೇ. ಕೆರೆಯ ಮೇಲ್ಮೈ ಸುಮಾರು 220 ಚದರ ಮೀಟರ್. ಚದರ ಮೀಟರಿಗೆ ಒಂದರಂತೆ 200 ಮರಿಯೇ ಧಾರಾಳ. "ಅರ್ಧ ಸತ್ತರೂ ಮುನ್ನೂರು ಉಳಿಯುತ್ತದಲ್ಲ" ಅಂತ ನನ್ನ ಲೆಕ್ಕ. ಸಾಯಲಿಲ್ಲ, ಬೆಳೆದವು.

ಹಿಡಿಯುವುದು ಹೇಗೆ? ಬೀಸುಬಲೆ ಎಸೆದರೆ ತಳದ ಮುರಕಲ್ಲಿಗೆ, ಬಿದ್ದ ಸೋಗೆಗೆ, ಪಂಪಿನ ಪೈಪಿಗೆ ಸಿಕ್ಕಿ ಹರಿಯಿತು. ನೀರು ಖಾಲಿ ಮಾಡುವ ಹಾಗಿಲ್ಲ, ಬೇಸಗೆಯಲ್ಲಿ ತೋಟಕ್ಕೆ ಅದೇ ನೀರು. ಗಾಳ ಹಾಕಿ ಗಂಟೆಗಟ್ಟಲೆ ಕೂತರೂ ಬೆಂಡು ಅಲ್ಲಾಡಲಿಲ್ಲ. "ನಿಮಗೆ ಅದೃಷ್ಟ ಇಲ್ಲ ಬಿಡಿ" ಅಂತ ಮನೆಯವರು ನಗಾಡಿದರು.

ಆ ಒಂದು ಬೆಳಿಗ್ಗೆ

2023ರ ಮೇ ತಿಂಗಳು. ಎರಡು ದಿನದಿಂದ ಮೋಡ, ಗಾಳಿ ಇಲ್ಲ, ಕೆರೆಯಲ್ಲಿ ನಾಲ್ಕೇ ಅಡಿ ನೀರು. ಹಿಂದಿನ ವಾರವಷ್ಟೇ ಮೀನಿಗೆ ಆಹಾರವಾಗಲಿ ಎಂದು ಎರಡು ಬುಟ್ಟಿ ಸೆಗಣಿ ಹಾಕಿದ್ದೆ. ಬೆಳಿಗ್ಗೆ ಐದೂವರೆಗೆ ನೋಡುವಾಗ ಕೆರೆ ತುಂಬ ಬಾಯಿಗಳು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಪಂಪು ಹಾಕಿ ನೀರನ್ನು ಅದೇ ಕೆರೆಗೆ ಎತ್ತರದಿಂದ ಚಿಮ್ಮಿಸಿದರೆ ಗಾಳಿ ಸೇರುತ್ತದೆ ಎಂದು ಗೊತ್ತಿತ್ತು. ಕರೆಂಟು ಇರಲಿಲ್ಲ. ಒಂಬತ್ತು ಗಂಟೆಗೆ 140 ಮೀನು ಹೊಟ್ಟೆ ಮೇಲಾಗಿ ತೇಲಿದವು. ಒಂದೊಂದೂ ಕಾಲು ಕಿಲೋದಷ್ಟು. ಎಲ್ಲವನ್ನೂ ತೆಂಗಿನ ಬುಡಕ್ಕೆ ಹೂತೆವು. ಆ ದಿನ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

ಕಾರಣ ಸರಳ. ಹಗಲು ಬಿಸಿಲಿಗೆ ನೀರಿನ ಹಸಿರು ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಪಾಚಿ, ಮೀನು, ಕೊಳೆಯುವ ಸೆಗಣಿ ಎಲ್ಲವೂ ಅದನ್ನೇ ಬಳಸುತ್ತವೆ. ಹಾಗಾಗಿ ಬೆಳಗಿನ ಜಾವಕ್ಕೆ ಅದು ತೀರಾ ಕಡಿಮೆ. ಮೋಡದ ದಿನ ಗಳಿಕೆಯೇ ಇಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕರಗುವುದೂ ಕಡಿಮೆ. ಬಾಯಿಗಳ ಸಂಖ್ಯೆ ಇಳಿಸದೆ ಬೇರೆ ದಾರಿ ಇರಲಿಲ್ಲ.

ಅಜ್ಜ ಹೇಳಿದ್ದು

ನೆರೆಮನೆಯ ಅಜ್ಜ ಗಾಳದಲ್ಲಿ ಪಳಗಿದವರು. ನನ್ನ ಕತೆ ಕೇಳಿ ಒಂದೇ ಪ್ರಶ್ನೆ ಹಾಕಿದರು: "ಮೀನಿಗೆ ತಿನ್ನಲು ಎಲ್ಲಿ ಹಾಕ್ತೀಯಾ?"

"ಮೆಟ್ಟಿಲ ಹತ್ತಿರ ಅಜ್ಜ, ಪುರುಸೊತ್ತು ಆದಾಗ."

"ಗಾಳ?"

"ಆಚೆ ಬದಿ, ಮರದ ನೆರಳಲ್ಲಿ."

"ಹಾಗಾದ್ರೆ ಎಂಥ ಸಿಗ್ತದೆ ಮಾರಾಯ? ಅದು ಹೊಳೆಯ ಮೀನಲ್ಲ, ಸಾಕಿದ್ದು. ಊಟದ ಹೊತ್ತು, ಊಟದ ಜಾಗ ಕಲಿಸು. ಮತ್ತೆ ಗಾಳ ಹಾಕು."

ಇಡೀ ವಿದ್ಯೆ ಇಷ್ಟೇ. ನಾನು ಮಾಡಿಕೊಂಡ ಕ್ರಮ ಹೀಗೆ:

ಜಾಗ, ಹೊತ್ತು: ಕಸವಿಲ್ಲದ ಒಂದು ಮೂಲೆ ಆರಿಸಿ. ನೆಲಗಡಲೆ ಹಿಂಡಿ, ಅಕ್ಕಿ ತೌಡು ಸಮಪಾಲು ನೆನೆಸಿ ಉಂಡೆ ಕಟ್ಟಿ, ದಿನಾ ಸಂಜೆ ಐದಕ್ಕೆ ಅಲ್ಲೇ ಹಾಕಿ. ಹತ್ತು ದಿನದಲ್ಲಿ ನಮ್ಮ ಮೀನುಗಳು ನಾನು ಬರುವ ಮೊದಲೇ ಸೇರತೊಡಗಿದವು. ಗಾಳ ಹಾಕುವ ಹಿಂದಿನ ಸಂಜೆ ಉಪವಾಸ. ಗಾಳದ ದಿನ ಚಿಟಿಕೆ ಆಹಾರ ಚೆಲ್ಲಿ, ಅದರ ನಡುವೆ ಗಾಳ ಇಳಿಸಿ. ಹೊಟ್ಟೆ ತುಂಬಿಸಬೇಡಿ.

ಎರೆ: ತಿಂದು ಅಭ್ಯಾಸವಾದ ಹಿಂಡಿ-ತೌಡೇ ಉತ್ತಮ. ಆದರೆ ಅದು ನೀರಲ್ಲಿ ಉದುರುತ್ತದೆ. ಗೋಧಿ ಹಿಟ್ಟು, ನಾಲ್ಕು ಎಳೆ ಹತ್ತಿ ಸೇರಿಸಿ ನಾದಿದರೆ ಕೊಕ್ಕೆಗೆ ಕಚ್ಚಿ ನಿಲ್ಲುತ್ತದೆ. ಸಾಮಾನ್ಯ ಗೆಂಡೆಗೆ ಎರೆಹುಳ ಆದೀತು. ಕೊಕ್ಕೆ ಸಣ್ಣದಿರಲಿ. ಗೆಂಡೆ ಮೊದಲು ಹೀರಿ ನೋಡುತ್ತದೆ, ಗಟ್ಟಿ ಏನಾದರೂ ತಾಗಿದರೆ ಉಗುಳುತ್ತದೆ.

ಆಳ: ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲ್ನೀರಿನ ಮೀನು. ರೋಹು ನಡುನೀರಿನದು. ಮೃಗಾಲ್, ಸಾಮಾನ್ಯ ಗೆಂಡೆ ತಳದವು. ಬೆಂಡನ್ನು ಏರಿಸಿ ಇಳಿಸಿ ಆಳ ಹೊಂದಿಸಿ. ನಾನು ಮೊದಲು ಎಲ್ಲಕ್ಕೂ ಎರಡಡಿಗೇ ಬಿಡುತ್ತಿದ್ದೆ. ತಳದ ಮೀನಿಗೆ ಅದು ಕಾಣುವುದು ಹೇಗೆ?

ಹವೆ: ಮೀನು ಬಾಯಿ ಬಿಡುವ ಬೆಳಿಗ್ಗೆ ಆಹಾರವೂ ಬೇಡ, ಗಾಳವೂ ಬೇಡ. ಆಗ ಅವು ತಿನ್ನುವುದಿಲ್ಲ, ಉಳಿದ ಆಹಾರ ಕೊಳೆತು ಇನ್ನಷ್ಟು ಕೆಡುಕು. ಬೇಸಗೆಯಲ್ಲಿ ಸಂಜೆ ಒಳ್ಳೆಯದು. ದಶಂಬರ-ಜನವರಿಯ ಚಳಿಗೆ ಬಿಸಿಲೇರಿದ ಮೇಲೆ ಹನ್ನೊಂದು ಗಂಟೆಯ ನಂತರ ಕೂರಿ.

ಸದ್ದು: ಗೆಂಡೆ ಜಾತಿಯ ಮೀನಿಗೆ ಗಾಳಿಚೀಲದಿಂದ ಒಳಗಿವಿಗೆ ಸೇರುವ ಪುಟ್ಟ ಮೂಳೆಗಳುಂಟು. ಕಿವಿ ಬಹಳ ಚುರುಕು. ದಡದಲ್ಲಿ ಧಡಧಡ ನಡೆಯಬೇಡಿ. ನೆರಳು ನೀರಿಗೆ ಬೀಳದ ಹಾಗೆ ಕೂರಿ.

ಎಳೆಯುವುದು: ಬೆಂಡು ತುಸು ಅಲ್ಲಾಡಿದ ಕೂಡಲೇ ಎಳೆಯಬೇಡಿ. ಅದು ಓರೆಯಾಗಿ ಸರಿದು ಮುಳುಗುವಾಗ ಮೆಲ್ಲ ಎತ್ತಿ. ತುಟಿ ಮೆತ್ತಗೆ, ಜೋರು ಜಗ್ಗಿದರೆ ಹರಿಯುತ್ತದೆ. ದಣಿಯಲು ಬಿಟ್ಟು, ಕೈಬಲೆಯಲ್ಲಿ ಎತ್ತಿ.

ವಾರಕ್ಕೆರಡು ದಿನದಂತೆ ಕೂತೆ. 2023ರ ಜೂನ್‌ನಿಂದ ಒಂದು ವರ್ಷದಲ್ಲಿ ನನ್ನ ಪುಸ್ತಕದ ಲೆಕ್ಕ 190 ಮೀನು. ಜೂನ್-ಜುಲೈಯಲ್ಲಿ ಸಮುದ್ರದ ಯಾಂತ್ರಿಕ ಮೀನುಗಾರಿಕೆಗೆ 61 ದಿನ ನಿಷೇಧ ಇರುವಾಗ ನಮಗೂ ನೆರೆಯವರಿಗೂ ಕೆರೆಯದ್ದೇ ಸಾರು. ಜಾಗ ಸಿಕ್ಕಿ ಉಳಿದವು ದಪ್ಪವಾದವು, ಕೆಲವು ಕಿಲೋ ದಾಟಿದವು. 2024ರ ಮೇ ತಿಂಗಳಲ್ಲಿ ಒಂದು ಮೀನೂ ಸಾಯಲಿಲ್ಲ. ಗಾಳದ್ದೊಂದೇ ಪ್ರತಾಪ ಅಂತ ಹೇಳಲಾರೆ. ಬೇಸಗೆಯಲ್ಲಿ ಸೆಗಣಿ ಹಾಕುವುದನ್ನೂ ನಿಲ್ಲಿಸಿದ್ದೆ, ಹೊಸ ಮರಿಯನ್ನೂ ಬಿಟ್ಟಿರಲಿಲ್ಲ. ಕಾಟ್ಲಾ ಮಾತ್ರ ನನಗೆ ಈಗಲೂ ಅಪರೂಪಕ್ಕೆ ಸಿಗುವುದು. ಅದರ ಮುಖ್ಯ ಆಹಾರ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿ. ಅದನ್ನು ಕೊಕ್ಕೆಗೆ ಸಿಕ್ಕಿಸಲು ಆಗುವುದಿಲ್ಲವಲ್ಲ!

ಎರಡು ಎಚ್ಚರಿಕೆ. ಪ್ಲಾಸ್ಟಿಕ್ ಹಾಸಿದ ಹೊಂಡವಾದರೆ ಅಂಚು ಜಾರುತ್ತದೆ, ಬಿದ್ದವರಿಗೆ ಹತ್ತಲು ಹಿಡಿತ ಸಿಗದು. ಗಂಟು ಹಾಕಿದ ಗಟ್ಟಿ ಹಗ್ಗ ಯಾವಾಗಲೂ ನೀರಿಗೆ ಇಳಿಬಿಟ್ಟಿರಲಿ, ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ತುಂಡಾದ ದಾರ, ಕೊಕ್ಕೆಗಳನ್ನು ದಡದಲ್ಲಿ ಬಿಸಾಡಬೇಡಿ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರು ನಾವೇ ಅಲ್ಲವೇ?

ಮರಿ ಬಿಡುವ ದಿನವೇ ಹಿಡಿಯುವ ದಾರಿಯನ್ನೂ ಯೋಚಿಸಿ. ಕಾಟ್ಲಾವನ್ನು ಗಾಳಕ್ಕೆ ಬೀಳಿಸುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ನಾನು ಕಾಯುತ್ತಿದ್ದೇನೆ.